ಕೂತು ಬರೆದವರು, ನಿಂತು ಬಳಸುವವರು

ಜಗತ್ತಿನ ಸಾಫ್ಟ್‌ವೇರನ್ನೆಲ್ಲ ಕೂತವರು ಬರೆಯುತ್ತಾರೆ. ಅದೂ ಸಾಮಾನ್ಯ ಕೂರುವಿಕೆಯಲ್ಲ. ಸೊಂಟಕ್ಕೊಂದು, ಮೊಣಕೈಗೊಂದು, ಕುತ್ತಿಗೆಗೊಂದು ಆಸರೆಯಿರುವ ಕುರ್ಚಿ, ತಣ್ಣನೆಯ ಎಸಿ, ಕಣ್ಣೆದುರು ಎರಡು ಸ್ಕ್ರೀನು, ಕಡಿಯುವುದೆಂದರೆ ಏನೆಂದೇ ತಿಳಿಯದ ವೈಫೈ. ಬಳಸುವವರು ಮಾತ್ರ ನಿಂತಿರುತ್ತಾರೆ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಫೋನಿಗೆ, ಬ್ಯಾಗು ಎದೆಗೆ, ಬೆನ್ನಿಗೆ ಯಾರದೋ ಟಿಫಿನ್ ಡಬ್ಬಿ. ಬದಲಾಪುರದಿಂದ ತುಂಬಿಕೊಂಡೇ ಬರುವ ಫಾಸ್ಟ್ ಲೋಕಲನ್ನು ಬೆಳಿಗ್ಗೆ ಡೊಂಬಿವಲಿಯಲ್ಲಿ ಹತ್ತಿದವರಿಗೆ ಈ ಭಂಗಿಯನ್ನು ವಿವರಿಸಬೇಕಾಗಿಲ್ಲ. ಹತ್ತದವರಿಗೆ ವಿವರಿಸಿ ಪ್ರಯೋಜನವಿಲ್ಲ.

ನಾನು ಎರಡೂ ಪಂಗಡದವನು. ಠಾಣೆಯವರೆಗೆ ನಿಂತು, ಅಲ್ಲಿ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿಯಲ್ಲಿ ಇಳಿದು, ಸಂಜೆಯವರೆಗೆ ಕೂತು ಕೋಡ್ ಬರೆಯುತ್ತೇನೆ. ಬೆಳಿಗ್ಗೆ ಯಾವುದನ್ನು ಬೈಯುತ್ತೇವೋ ಮಧ್ಯಾಹ್ನ ಅದನ್ನೇ ತಯಾರಿಸಿ ಸಂಬಳ ಪಡೆಯುವುದು ಈ ವೃತ್ತಿಯ ವೈಶಿಷ್ಟ್ಯ.

ಮೊದಲು ಕೈಗಡಿಯಾರದ ವಿಚಾರ. ಈಗಿನ ಸ್ಮಾರ್ಟ್‌ವಾಚಿಗೆ ಗಂಟೆ ತೋರಿಸುವುದು ಉಪಕಸುಬು. ಅದರ ಮುಖ್ಯ ಕೆಲಸ ನಮ್ಮ ಆರೋಗ್ಯದ ಉಸ್ತುವಾರಿ. ದಿವಾ ದಾಟುವ ಹೊತ್ತಿಗೆ ಅದು ಮಣಿಕಟ್ಟನ್ನು ಗುಂಯ್ ಎಂದು ತಟ್ಟಿ, "ಬಹಳ ಹೊತ್ತಿನಿಂದ ಕೂತೇ ಇದ್ದೀರಿ, ಒಂದು ನಿಮಿಷ ಎದ್ದು ನಿಲ್ಲಿ" ಎನ್ನುತ್ತದೆ. ಕೈ ಅಲುಗದಿದ್ದರೆ ಆಸಾಮಿ ಕೂತಿದ್ದಾನೆಂಬುದು ಅದರ ತರ್ಕ. ಕೈ ಅಲುಗಿಸಲು ಜಾಗವೇ ಇಲ್ಲದಿರಬಹುದೆಂಬುದು ಆ ತರ್ಕವನ್ನು ಬರೆದವನಿಗೆ ಹೊಳೆದಿಲ್ಲ. ನಮ್ಮ ಬೋಗಿಯ ಭಜನಾ ಮಂಡಳಿಯಲ್ಲಿ ತಾಳ ಹಾಕುವ ಕಾಕಾ ಒಬ್ಬರಿದ್ದಾರೆ. ಅವರಿಗೂ ಮಗ ಅಂಥದ್ದೊಂದು ಕಟ್ಟಿದ್ದಾನೆ. ಕಿಟಕಿ ಪಕ್ಕದ ಸೀಟಿನಿಂದ ಕದಲದ ಕಾಕಾ, ವಿಠ್ಠಲನ ಕೃಪೆಯಿಂದ, ಘಾಟ್ಕೋಪರ್ ಬರುವಷ್ಟರಲ್ಲಿ ಸಾವಿರಾರು ಹೆಜ್ಜೆ ನಡೆದಿರುತ್ತಾರೆ. ವಾಚಿನ ಲೆಕ್ಕದಲ್ಲಿ ನಿಂತ ನಾನು ಸೋಮಾರಿ, ಕೂತ ಕಾಕಾ ಮ್ಯಾರಥಾನ್ ಓಟಗಾರ.

ಈ ವಾಚಿನ ಸಲಹೆಗೆ ಒಪ್ಪುವಂಥ ಪ್ರಯಾಣಿಕರು ನಮ್ಮ ಹಳಿಯ ಮೇಲೆ ಒಮ್ಮೆ ಇದ್ದರು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಓಡಿದ ದೇಶದ ಮೊದಲ ಪ್ರಯಾಣಿಕರ ರೈಲಿನಲ್ಲಿ 14 ಬೋಗಿ, ಸುಮಾರು 400 ಅತಿಥಿಗಳು. ಬೋಗಿಗೆ ಮೂವತ್ತು ಜನವೂ ಆಗುವುದಿಲ್ಲ. ಅವರಿಗೆ ಯಾರಾದರೂ "ಸ್ವಲ್ಪ ಎದ್ದು ನಿಲ್ಲಿ ಸ್ವಾಮಿ" ಎಂದಿದ್ದರೆ ಅರ್ಥವಿತ್ತು.

ಅದೇ ವಾಚಿಗೆ ಇನ್ನೊಂದು ವಿದ್ಯೆಯೂ ಬರುತ್ತದೆ. ತೊಟ್ಟವನು ಬಿದ್ದರೆ ಪತ್ತೆಹಚ್ಚಿ ಮನೆಯವರಿಗೆ ಸಂದೇಶ ಕಳಿಸುತ್ತದೆ. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಎದುರುಬದುರಾಗಿ ಹಾದ ಎರಡು ಲೋಕಲ್‌ಗಳ ಬಾಗಿಲಿಗೆ ಜೋತುಕೊಂಡಿದ್ದವರು ಹಳಿಗೆ ಉರುಳಿ ಪ್ರಾಣ ಬಿಟ್ಟರು. ಹೊಸ ಲೋಕಲ್‌ಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಇಡುತ್ತೇವೆಂದು ರೈಲ್ವೆ ಆಮೇಲೆ ಹೇಳಿತು. ಬಾಗಿಲು ಮುಚ್ಚುವುದೇನೂ ನಿನ್ನೆಯ ಸಂಶೋಧನೆಯಲ್ಲ. ಮುಂಬಯಿಯ ಮೊದಲ ಎಸಿ ಲೋಕಲ್ 2017ರ ಡಿಸೆಂಬರ್ 25ರಂದೇ ಬಾಗಿಲು ಮುಚ್ಚಿಕೊಂಡು ಓಡಿತ್ತು. ಬಿದ್ದವನನ್ನು ಪತ್ತೆಹಚ್ಚುವ ಯಂತ್ರ ಅಂಗಡಿಯಲ್ಲಿ ಕಂತಿನ ಮೇಲೆ ಸಿಗುತ್ತದೆ. ಬೀಳದಂತೆ ತಡೆಯುವ ಬಾಗಿಲಿಗೆ ಮಾತ್ರ ಸರದಿ.

ಇನ್ನು ಟಿಕೆಟ್ಟು. ಕೌಂಟರಿನ ಸಾಲು ತಪ್ಪಿಸಲೆಂದು ಯುಟಿಎಸ್ ಆ್ಯಪ್ ಮೊದಲು ಬಂದದ್ದು ನಮ್ಮ ಮುಂಬಯಿಗೇ, 2014ರ ಡಿಸೆಂಬರಿನಲ್ಲಿ. ಒಳ್ಳೆಯ ಯೋಚನೆ. ಆದರೆ ಟಿಕೆಟ್ಟಿಲ್ಲದೆ ಹತ್ತಿದವನು ಟಿಸಿಯ ಕಪ್ಪು ಕೋಟು ಕಂಡ ಕೂಡಲೇ ಫೋನು ತೆಗೆದು ಟಿಕೆಟ್ ಮಾಡಿಕೊಂಡರೆ? ಅದಕ್ಕೊಂದು ಬೇಲಿ ಹಾಕಿದರು. ಫೋನಿನ ಜಿಪಿಎಸ್ ನೋಡಿ, ಹಳಿಗೆ ತೀರಾ ಹತ್ತಿರ ಇದ್ದವರಿಗೆ ಆ್ಯಪ್ ಟಿಕೆಟ್ ಕೊಡುತ್ತಿರಲಿಲ್ಲ. ಮೀಟಿಂಗ್ ರೂಮಿನ ಬಿಳಿ ಬೋರ್ಡಿನ ಮೇಲೆ ಈ ತರ್ಕಕ್ಕೆ ನೂರಕ್ಕೆ ನೂರು ಅಂಕ. ನೆಲದ ಮೇಲೆ ಅದು ಹೀಗೆ ಕಾಣುತ್ತಿತ್ತು: ಓಡಿ ಓಡಿ ಪ್ಲಾಟ್‌ಫಾರಂ ತಲುಪಿದ ಪ್ರಾಮಾಣಿಕ ಪ್ರಜೆ, ಟಿಕೆಟ್ ಪಡೆಯಲೆಂದು ವಾಪಸು ರಿಕ್ಷಾ ಸ್ಟ್ಯಾಂಡಿನವರೆಗೆ ನಡೆದು, ಆಕಾಶಕ್ಕೆ ಫೋನೆತ್ತಿ ಉಪಗ್ರಹಗಳಿಗೆ ಆರತಿ ಮಾಡುತ್ತಿದ್ದ. ಹಳಿಯ ಪಕ್ಕದ ಕಟ್ಟಡದಲ್ಲಿ ಸಂಸಾರ ಹೂಡಿದವನ ಗತಿ ಏನೆಂದು ಯಾರೂ ಕೇಳಲಿಲ್ಲ. ಬೇಲಿಯಿಂದ ತೊಂದರೆಯಾಗುತ್ತದೆಂದು ತಿಳಿದ ಮೇಲೆ ಬೇಲಿ ತೆಗೆಯಲಿಲ್ಲ, ನಿಲ್ದಾಣದ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿ ಬೇಲಿ ಹಾರಲು ಏಣಿ ಇಟ್ಟರು. ನಿಲ್ದಾಣದಿಂದ ಇಷ್ಟು ದೂರದೊಳಗೇ ಇರಬೇಕೆಂಬ ಇನ್ನೊಂದು ಮಿತಿಯೂ ಇತ್ತು, 2024ರಲ್ಲಿ ಅದನ್ನು ತೆಗೆದುಹಾಕಿದರು. ಹತ್ತಿರದ ಬೇಲಿ ಉಳಿಯಿತು. ಹೀಗಾಗಿ ಮನೆಯ ಸೋಫಾದಲ್ಲಿ ಕೂತವನಿಗೆ ಸಲೀಸಾಗಿ ಟಿಕೆಟ್ ಸಿಗತೊಡಗಿತು, ಪ್ಲಾಟ್‌ಫಾರಂನಲ್ಲಿ ನಿಂತವನು ಗೋಡೆ ಹುಡುಕಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಅಕ್ಷಾಂಶ ರೇಖಾಂಶವೂ ಸಿಕ್ಕಿದಂತಾಯಿತು.

ಇದೇ ಊರಿನಲ್ಲಿ, ಇದೇ ಹಳಿಯ ಮೇಲೆ, ಬೇರೆ ಥರದ ಸಾಫ್ಟ್‌ವೇರೂ ಹುಟ್ಟಿದೆ. 2010ರಲ್ಲಿ ಸಚಿನ್ ಟೇಕೆ ಎಂಬ ಮುಂಬಯಿಯ ಇಂಜಿನಿಯರ್ ಎಂ-ಇಂಡಿಕೇಟರ್ ಮಾಡಿದರು. ಆಗ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಜಾವಾ ಫೋನುಗಳು. ಅಷ್ಟರಲ್ಲೇ ಇಡೀ ಲೋಕಲ್ ವೇಳಾಪಟ್ಟಿಯನ್ನು ಫೋನಿನೊಳಗೇ ಇಟ್ಟುಬಿಟ್ಟರು. ನೆಟ್ ಬೇಡ, ಲಾಗಿನ್ ಬೇಡ, ನಿಮ್ಮ ಅಜ್ಜನ ಹೆಸರು ಬೇಡ. ಕಲ್ಯಾಣಕ್ಕೆ ಮುಂದಿನ ಫಾಸ್ಟ್ ಎಷ್ಟಕ್ಕೆ, ಯಾವ ಪ್ಲಾಟ್‌ಫಾರಂ, ಅಷ್ಟೇ. ಮುಂದೆ ಪ್ರಯಾಣಿಕರು ತಮ್ಮತಮ್ಮಲ್ಲೇ ಹರಟುವ ಜಾಗವೂ ಅದರಲ್ಲಿ ಬಂತು. ಗಾಡಿ ಏಕೆ ನಿಂತಿದೆ ಎಂಬುದು ರೈಲ್ವೆಯ ಧ್ವನಿವರ್ಧಕಕ್ಕಿಂತ ಮೊದಲು ಅಲ್ಲಿ ಗೊತ್ತಾಗುತ್ತದೆ. ಅದು ಗೆದ್ದದ್ದು ಏಕೆ ಎಂದು ತಿಳಿಯಲು ಮ್ಯಾನೇಜ್‌ಮೆಂಟ್ ಗುರುಗಳನ್ನು ಕರೆಸಬೇಕಾಗಿಲ್ಲ. ಆ ಗುರುಗಳು ಹೇಗೂ ಡಬ್ಬಾವಾಲಾಗಳ ಉದಾಹರಣೆಯನ್ನು ಸವೆಸುವುದರಲ್ಲೇ ಮಗ್ನರು. ಬಳಸುವವನ ಒಂದು ಕೈ ಹಿಡಿಕೆಯಲ್ಲಿದೆ, ನೆಟ್‌ವರ್ಕ್ ಹೋಗಿದೆ, ಅವನ ಬಳಿ ಹತ್ತು ಸೆಕೆಂಡಿದೆ ಎಂಬ ಮೂರು ಸಂಗತಿಗಳನ್ನು ಆ ಆ್ಯಪ್ ಮೊದಲೇ ಒಪ್ಪಿಕೊಂಡಿತ್ತು.

ಕನ್ನಡದವರಿಗೆ ಇನ್ನೂ ಹತ್ತಿರದ ಉದಾಹರಣೆ ಕೆ. ಪಿ. ರಾವ್. ಮಂಗಳೂರಿನ ಕಿನ್ನಿಕಂಬಳದಿಂದ ಬಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕನ್ನಡದ ಸುಮಾರು ಐವತ್ತು ಅಕ್ಷರ, ಅವುಗಳ ಕಾಗುಣಿತ, ಒತ್ತು ಎಲ್ಲವನ್ನೂ ಅವರು ಇಂಗ್ಲಿಷಿನ 26 ಕೀಲಿಗಳ ಮೇಲೆ ಕೂರಿಸಿದರು. ಸ್ವರಕ್ಕೂ ಅದರ ಚಿಹ್ನೆಗೂ ಒಂದೇ ಕೀಲಿ. ನಾಲಿಗೆ ಯಾವ ಕ್ರಮದಲ್ಲಿ ಉಚ್ಚರಿಸುತ್ತದೋ ಅದೇ ಕ್ರಮದಲ್ಲಿ ಬೆರಳು ಒತ್ತಿದರೆ ಸಾಕು. ಹೊಸ ಯಂತ್ರ ಕೊಳ್ಳಿ ಎನ್ನಲಿಲ್ಲ, ಹಣ ಕೇಳಲಿಲ್ಲ, "ಪ್ರೀಮಿಯಂ ಚಂದಾ ಕಟ್ಟಿದರೆ ಮಹಾಪ್ರಾಣ ಲಭ್ಯ" ಎನ್ನಲಿಲ್ಲ. ಕರ್ನಾಟಕ ಸರಕಾರ ಅದೇ ವಿನ್ಯಾಸವನ್ನು ಶಿಷ್ಟವೆಂದು ಒಪ್ಪಿತು. ಇಂದಿನ ಒಂದು ಸ್ಟಾರ್ಟಪ್ಪು ಆ ಕೆಲಸ ಮಾಡಿದ್ದರೆ ಒತ್ತಕ್ಷರಕ್ಕೆ ಮುಂಚೆ ಹದಿನೈದು ಸೆಕೆಂಡಿನ ಜಾಹೀರಾತು ಬರುತ್ತಿತ್ತು.

ಇಂಥವರ ವೃತ್ತಿಬಂಧುಗಳಾದ ನಾವು ಐರೋಲಿಯ ಗಾಜಿನ ಕಟ್ಟಡದಲ್ಲಿ ಏನು ಮಾಡುತ್ತೇವೆ? ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ಮಾಡುತ್ತೇವೆ, ಕೂತುಕೊಂಡು. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಹಿಮದ ರಿಸಾರ್ಟೊಂದರಲ್ಲಿ 17 ಮಂದಿ ಪ್ರೋಗ್ರಾಮರುಗಳು ಸೇರಿ, ಪ್ರಕ್ರಿಯೆಗಿಂತ ಮನುಷ್ಯರು ಮುಖ್ಯ, ಕಡತಕ್ಕಿಂತ ಓಡುವ ಸಾಫ್ಟ್‌ವೇರ್ ಮುಖ್ಯ ಎಂಬರ್ಥದ ನಾಲ್ಕು ಸಾಲು ಬರೆದುಕೊಟ್ಟರು. ಆ ನಾಲ್ಕು ಸಾಲನ್ನು ಕಾರ್ಯಗತ ಮಾಡಲು ನಮ್ಮಲ್ಲಿ ಒಂದು ಪ್ರಕ್ರಿಯೆ, ಆ ಪ್ರಕ್ರಿಯೆಗೆ ಒಂದು ಕಡತ, ಕಡತಕ್ಕೆ ಒಬ್ಬ ಕೋಚ್, ಕೋಚ್‌ಗೆ ಒಂದು ಸರ್ಟಿಫಿಕೇಟ್. ಎರಡು ವಾರಕ್ಕೊಮ್ಮೆ "ಸ್ಪ್ರಿಂಟ್" ಓಡುತ್ತೇವೆ. ಇಷ್ಟು ವರ್ಷ ಸತತವಾಗಿ ಓಡಿದ ಮೇಲೆ ಎಲ್ಲಿಗಾದರೂ ತಲುಪಬೇಕಿತ್ತು. ಪಕ್ಕದ ಬೇಲಾಪುರದಿಂದ ಪೇಂಧರ್‌ಗೆ 11 ಕಿಲೋಮೀಟರಿನ ಮೆಟ್ರೊ ಕಟ್ಟಲು 2011ರಲ್ಲಿ ಶುರುಮಾಡಿ 2023ರ ನವೆಂಬರಿನಲ್ಲಿ ಓಡಿಸಿದರು. ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ಆದರೆ ಆ ಮೆಟ್ರೊ ಓಡುತ್ತಿದೆ. ನಮ್ಮ ಡ್ಯಾಶ್‌ಬೋರ್ಡು ಇನ್ನೂ ಲೋಡ್ ಆಗುತ್ತಿದೆ.

ಈಗ ಎಐ ಬಂದಿದೆ. 2025ರ ಫೆಬ್ರುವರಿಯಲ್ಲಿ ಎಐ ಸಂಶೋಧಕ ಆಂಡ್ರೇ ಕಾರ್ಪಥಿ "ವೈಬ್ ಕೋಡಿಂಗ್" ಎಂಬ ಮಾತನ್ನು ಬಳಕೆಗೆ ತಂದರು. ಕೋಡನ್ನು ಓದುವ ಗೋಜಿಗೇ ಹೋಗದೆ, ಬೇಕಾದ್ದನ್ನು ಯಂತ್ರಕ್ಕೆ ಹೇಳಿ, ಅದು ಕೊಟ್ಟದ್ದನ್ನು ತೆಗೆದುಕೊಂಡು ಮುಂದೆ ಹೋಗುವುದು. ಅವರು ಅದನ್ನು ವಾರಾಂತ್ಯದ ಆಟಕ್ಕೆ ತಕ್ಕದ್ದೆಂಬ ಧಾಟಿಯಲ್ಲಿ ಹೇಳಿದ್ದರು. ನಮ್ಮ ಮ್ಯಾನೇಜರುಗಳು ವಾರಾಂತ್ಯ ಎಂಬ ಶಬ್ದ ಬಿಟ್ಟು ಉಳಿದದ್ದನ್ನೆಲ್ಲ ಕೇಳಿಸಿಕೊಂಡರು.

ನಮ್ಮ ತಂಡದಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬನಿದ್ದಾನೆ. ಚುರುಕು. ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಅತಿಥಿಗಳನ್ನು ಒಳಬಿಡುವ ವ್ಯವಸ್ಥೆಯ ಒಂದು ಭಾಗವನ್ನು ಅವನಿಗೆ ಕೊಟ್ಟಿದ್ದರು. ಊಟಕ್ಕೆ ಹೋಗುವ ಮುಂಚೆ ಯಂತ್ರಕ್ಕೆ ಹೇಳಿಟ್ಟ, ಊಟ ಮುಗಿಸಿ ಬರುವಷ್ಟರಲ್ಲಿ ಎರಡು ಸಾವಿರ ಚಿಲ್ಲರೆ ಸಾಲು ಸಿದ್ಧ. ಪರಿಶೀಲಿಸಲು ನನ್ನ ಬಳಿ ಬಂತು. ತೆರೆದು ನೋಡಿದೆ. ಒಂದು ಕಡೆ, ಮನೆಯವರ ಫೋನಿಗೆ ಸಂದೇಶ ತಲುಪದೆ ಉತ್ತರ ಬಾರದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಒಂದೇ ಸಾಲಿನ ಉತ್ತರ: ಪ್ರವೇಶ ನಿರಾಕರಿಸು.

"ಏನಪ್ಪಾ, ನೆಟ್ ಇಲ್ಲದಿದ್ದರೆ ಬಂದವರು ಗೇಟಿನಲ್ಲೇ ನಿಲ್ಲಬೇಕಾ?"

"ಎಐ ಹಂಗ ಕೊಟ್ಟೈತ್ರಿ ಸರ್. ಸೆಕ್ಯೂರಿಟಿಗೆ ಅದೇ ಚೊಲೋ ಅಂತ."

"ಟೆಸ್ಟ್ ಮಾಡಿದ್ದೀಯಾ?"

"ಎಲ್ಲಾ ಟೆಸ್ಟ್ ಹಸಿರು ಅದಾವ್ರಿ ಸರ್."

ಟೆಸ್ಟುಗಳನ್ನು ನೋಡಿದೆ. ಅವನ್ನೂ ಅದೇ ಯಂತ್ರ ಬರೆದಿತ್ತು. ಅಲ್ಲಿ ನಿಜವಾದ ನೆಟ್‌ವರ್ಕಿನ ಬದಲು ಒಂದು ನಕಲಿ ನೆಟ್‌ವರ್ಕ್ ಇಟ್ಟಿತ್ತು. ಆ ನಕಲಿಗೆ ಸೋಲುವುದೇ ಗೊತ್ತಿಲ್ಲ. ಕೇಳಿದ ಕೂಡಲೇ "ಮನೆಯವರು ಒಪ್ಪಿದ್ದಾರೆ" ಎನ್ನುತ್ತದೆ. ಪ್ರಶ್ನೆಪತ್ರಿಕೆ ತೆಗೆದವನೇ ಉತ್ತರ ಬರೆದು, ತಾನೇ ಮೌಲ್ಯಮಾಪನ ಮಾಡಿ, ತನಗೇ ಚಿನ್ನದ ಪದಕ ತೊಡಿಸಿಕೊಂಡಂತಿತ್ತು. ಹಸಿರು ಕಂಡರೆ ಸುರಕ್ಷಿತ ಎಂದು ನಂಬುವವರು ಬೇರೆ ಊರಿನಲ್ಲಿರಬಹುದು. ನಾನು ಡೊಂಬಿವಲಿಯವನು. ಅಲ್ಲಿ 2014ರ ಜನವರಿಯಲ್ಲಿ, ಕಾರ್ಖಾನೆಗಳ ಮಾಲಿನ್ಯದಿಂದ, ಮಳೆಯೇ ಹಸಿರು ಬಣ್ಣದಲ್ಲಿ ಬಿದ್ದಿದೆ.

ಆ ಕೋಡನ್ನು ವಾಪಸು ಕಳಿಸಿದೆ. ಮರುದಿನ ಮ್ಯಾನೇಜರ್ ಕರೆದರು. ಪರಿಶೀಲನೆಗೆ ನಾನು ತೆಗೆದುಕೊಂಡ ಸಮಯ ತಂಡದ ಸರಾಸರಿಗಿಂತ ಹೆಚ್ಚಂತೆ. ಉಳಿದವರ ಪರಿಶೀಲನೆಯನ್ನು ಎಐ ಮಾಡುತ್ತದೆ. ಅದು ಬರೆದ ವಿವರಣೆಯನ್ನು ಇನ್ನೊಂದು ಎಐ ಎರಡು ಸಾಲಿಗೆ ಇಳಿಸಿ ಮ್ಯಾನೇಜರಿಗೆ ಕೊಡುತ್ತದೆ. ಆ ಎರಡು ಸಾಲನ್ನು ಮ್ಯಾನೇಜರು ಎಐಯಿಂದ ಇಪ್ಪತ್ತು ಸ್ಲೈಡಿಗೆ ಹಿಗ್ಗಿಸಿ ಮೇಲಿನವರಿಗೆ ಕಳಿಸುತ್ತಾರೆ. ಈ ಇಡೀ ಸರಪಳಿಯಲ್ಲಿ ಓದುವ ಕೆಲಸ ಮಾಡುತ್ತಿದ್ದ ಮನುಷ್ಯ ನಾನೊಬ್ಬನೇ ಆದ್ದರಿಂದ, ಅಡಚಣೆ ಎಲ್ಲಿದೆ ಎಂದು ಪತ್ತೆಹಚ್ಚುವುದು ಅವರಿಗೆ ಕಷ್ಟವಾಗಲಿಲ್ಲ. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಕಂಪನಿಯ ಎಐ ಏಜೆಂಟು, ಏನನ್ನೂ ಮುಟ್ಟಬೇಡ ಎಂದು ಹೇಳಿದ್ದರೂ ಒಬ್ಬ ಗ್ರಾಹಕರ ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿಹಾಕಿತ್ತು. ಆ ಸುದ್ದಿಯನ್ನು ಮ್ಯಾನೇಜರ ಗಮನಕ್ಕೆ ತಂದೆ. "ನೋಡಿ, ಎಷ್ಟು ಬೇಗ ಅಳಿಸಿತು!" ಎಂದು ಅವರು ಮೆಚ್ಚದಿದ್ದುದೇ ಪುಣ್ಯ.

ಪ್ರವೇಶ ನಿರಾಕರಿಸು ಎಂಬ ಆ ಒಂದು ಸಾಲು ಗೇಟಿನಲ್ಲಿ ಹೇಗಿರುತ್ತದೆ ಎಂದು ನೋಡಲು ನಾನು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಸೊಸೈಟಿಯಲ್ಲೂ ಯಾವುದೋ ಕಂಪನಿಯ ಅಂಥದ್ದೇ ಆ್ಯಪ್ ಇದೆ. ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ಚಿಕ್ಕಪ್ಪ ಗೇಟಿನಲ್ಲಿ ನಿಂತರು. ಕೈಯಲ್ಲಿ ಕುಚ್ಚಲಕ್ಕಿಯ ಚೀಲ, ಹಲಸಿನ ಹಪ್ಪಳದ ಕಟ್ಟು. ನನ್ನ ಒಪ್ಪಿಗೆ ಕೇಳುವ ಸಂದೇಶ ಹೊರಟಿತ್ತು, ನಾನು ಮುಂಬ್ರಾದ ತಿರುವಿನಲ್ಲಿ ನೆಟ್‌ವರ್ಕಿಲ್ಲದೆ ನೇತಾಡುತ್ತಿದ್ದೆ. ವಾಚ್‌ಮನ್‌ಗೆ ಚಿಕ್ಕಪ್ಪನ ಗುರುತು ಚೆನ್ನಾಗಿಯೇ ಇದೆ. ಹೋದ ಸಲ ಬಂದಾಗ ಇಬ್ಬರೂ ಕೂತು ಚಹಾ ಕುಡಿದಿದ್ದರು. "ಕಾಕಾ, ಮಲಾ ಮಾಹೀತ್ ಆಹೇ, ಪಣ್ ಆ್ಯಪ್ ಸೋಡತ್ ನಾಹೀ" ಎಂದ. ನನಗೆ ಗೊತ್ತು, ಆದರೆ ಆ್ಯಪ್ ಬಿಡುತ್ತಿಲ್ಲ. ಅದೇ ಹೊತ್ತಿಗೆ ಪಿಜ್ಜಾ ತಂದ ಹುಡುಗ ಕಂಪನಿಯ ಪೂರ್ವಾನುಮತಿಯ ಬಲದಿಂದ ಬೈಕು ಇಳಿಯದೆಯೇ ಒಳಗೆ ಹೋದ. ಸಂಜೆ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಅಲ್ಲ ಮಾರಾಯ, ಗುರುತು ಇದ್ದವರನ್ನು ನಿಲ್ಲಿಸಲಿಕ್ಕೆ ಇಷ್ಟು ಖರ್ಚು ಯಾಕೆ? ಅದನ್ನು ನಮ್ಮ ಊರಿನ ನಾಯಿಯೂ ಮಾಡುವುದಿಲ್ಲ."

ಗೇಟು ದಾಟಿ ಮನೆಯೊಳಗೆ ಬಂದರೆ ಅಲ್ಲೂ ಜಾಣ ವಸ್ತುಗಳದ್ದೇ ಕಾರುಬಾರು. 1.6 ಕೋಟಿ ಬಣ್ಣ ತೋರಿಸುವ ಬಲ್ಬು ಮಾರುಕಟ್ಟೆಯಲ್ಲಿದೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕಗಳ ದೆಸೆಯಿಂದ 2020ರ ಫೆಬ್ರುವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದ ಊರಿನವರಿಗೆ ಬಣ್ಣ ಮಾರಲು ಬರುವುದು ಧೈರ್ಯದ ಕೆಲಸ. ಬಟ್ಟೆ ಒಗೆಯುವ ಯಂತ್ರಕ್ಕೆ ಎಐ, ಗೀಸರಿಗೆ ವೈಫೈ. ಅಮೆರಿಕದಲ್ಲಿ ಇದು ಎಲ್ಲಿಗೆ ಮುಟ್ಟಿದೆ ನೋಡಿ. ಅಲ್ಲಿ ಜ್ಯೂಸೆರೊ ಎಂಬ ಕಂಪನಿ ವೈಫೈ ಇರುವ ಹಣ್ಣಿನ ರಸದ ಯಂತ್ರವನ್ನು ಮೊದಲು 699 ಡಾಲರಿಗೆ ಮಾರಿತು. ಅದರ ರಸದ ಪೊಟ್ಟಣವನ್ನು ಕೈಯಲ್ಲೇ ಹಿಂಡಬಹುದೆಂದು 2017ರಲ್ಲಿ ಪತ್ರಕರ್ತರು ಹಿಂಡಿ ತೋರಿಸಿದರು. ಅದೇ ವರ್ಷ ಕಂಪನಿ ಮುಚ್ಚಿತು. 2025ರ ಅಕ್ಟೋಬರ್ 20ರಂದು, ನಾವು ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿದ್ದ ದಿನ, ವರ್ಜೀನಿಯಾದಲ್ಲಿ ಅಮೆಜಾನ್‌ನ ಸರ್ವರುಗಳು ಕೈಕೊಟ್ಟವು. ಅವನ್ನು ನೆಚ್ಚಿಕೊಂಡಿದ್ದ ಏಯ್ಟ್ ಸ್ಲೀಪ್ ಕಂಪನಿಯ ಜಾಣ ಹಾಸಿಗೆಗಳಲ್ಲಿ ಕೆಲವು ಕಾದು ಬಿಸಿಯಾದವು, ಕೆಲವು ತಲೆ ಎತ್ತಿದ ಭಂಗಿಯಲ್ಲೇ ಸ್ತಂಭಿಸಿದವು. ಮಲಗಲು ಸಹ ಇಂಟರ್‌ನೆಟ್ ಬೇಕಾದ ನಾಗರಿಕತೆಯನ್ನು ಮುಂದುವರಿದದ್ದು ಎನ್ನುತ್ತಾರೆ. ನಮ್ಮ ಚಾಪೆಗೆ ಇನ್ನೂ ಅಪ್‌ಡೇಟ್ ಬಂದಿಲ್ಲ.

ಇಂಥ ಸರ್ವರುಗಳು ನಮ್ಮಿಂದ ದೂರವೇನೂ ಇಲ್ಲ. ಐರೋಲಿ, ರಬಾಳೆ, ಮಹಾಪೆಯ ಉದ್ದಕ್ಕೂ ಕಿಟಕಿಯಿಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಎದ್ದಿವೆ. ನಿಮ್ಮ ಮದುವೆಯ ಫೋಟೊಗಳು ಅಂಥ ಯಾವುದೋ ಶೆಡ್ಡಿನಲ್ಲಿ ಡೀಸೆಲ್ ಜನರೇಟರಿನ ಭರವಸೆಯ ಮೇಲೆ ಬದುಕಿವೆ. 2020ರ ಅಕ್ಟೋಬರ್ 12ರಂದು ಕಳ್ವಾ ಮತ್ತು ಪಡಘಾದ ವಿದ್ಯುತ್ ಮಾರ್ಗಗಳು ಕೈಕೊಟ್ಟು ಇಡೀ ಮುಂಬಯಿ ಮಹಾನಗರಕ್ಕೆ ಕತ್ತಲೆ ಕವಿದಾಗ ಲೋಕಲ್‌ಗಳು ಹಳಿಯ ಮೇಲೇ ನಿಂತವು. ಕೊರೊನಾ ಕಾಲ. ಮನೆಯಲ್ಲಿ ಕೂತು ಜಗತ್ತಿಗೆ ಸೇವೆ ಒದಗಿಸುತ್ತಿದ್ದ ನಾವೆಲ್ಲ ಬಾಲ್ಕನಿಗೆ ಬಂದು ನಿಂತೆವು. ಎಂದೂ ಮಾತಾಡದ ಪಕ್ಕದ ಮನೆಯವರು ಅಂದು ಪರಿಚಯವಾದರು. ಯಾವ ಸೋಶಿಯಲ್ ಆ್ಯಪೂ ಅದನ್ನು ಸಾಧಿಸಿರಲಿಲ್ಲ.

ಕೂತು ಬರೆಯುವುದರ ಕೇಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಒಂದು ಚಿಕ್ಕ ಲೂಪನ್ನು ಹತ್ತಿರದಿಂದ ನೋಡಬೇಕು. ಸರ್ವರಿನಿಂದ ಉತ್ತರ ಬಾರದಿದ್ದರೆ ಒಂದು ಸೆಕೆಂಡಿನ ಬಳಿಕ ಮತ್ತೆ ಕೇಳು, ಬಾರದಿದ್ದರೆ ಮತ್ತೆ ಕೇಳು. ಆಫೀಸಿನ ವೈಫೈಯಲ್ಲಿ ಈ ಲೂಪು ಸಾಧುಪ್ರಾಣಿ. ಈಗ ತತ್ಕಾಲ್ ಟಿಕೆಟ್ಟಿನಂಥ ಸಂದರ್ಭ ತೆಗೆದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಎಸಿ, ಹನ್ನೊಂದಕ್ಕೆ ಸ್ಲೀಪರ್. ಚೌತಿಗೆ ಊರಿಗೆ ಹೋಗಬೇಕೆಂದು ಡೊಂಬಿವಲಿಯಿಂದ ನೆರೂಲ್‌ವರೆಗಿನ ಕರಾವಳಿಯವರೆಲ್ಲ ಒಂದೇ ಕ್ಷಣಕ್ಕೆ ಬಟನ್ ಒತ್ತುತ್ತಾರೆ. ಸರ್ವರು ಒಂದು ಕ್ಷಣ ತಡವರಿಸಿದರೆ ಸಾಕು, ಇಂಥ ಲೂಪಿರುವ ಅಷ್ಟೂ ಫೋನುಗಳು ಸರಿಯಾಗಿ ಒಂದು ಸೆಕೆಂಡಿನ ಬಳಿಕ ಒಟ್ಟಿಗೆ ಮತ್ತೆ ಕೇಳುತ್ತವೆ. ಎಡವಿದವನು ಏಳುವ ಮೊದಲೇ ಅವನ ಮೇಲೆ ಎಲ್ಲರೂ ಬೀಳುತ್ತಾರೆ. ಇದಕ್ಕೆ ಮದ್ದು ಬಹಳ ಹಳೆಯದು. ಮೊದಲ ಸಲ ಒಂದು ಸೆಕೆಂಡು ಕಾಯಿ, ಆಮೇಲೆ ಎರಡು, ನಾಲ್ಕು, ಎಂಟು. ಜತೆಗೆ ಒಬ್ಬೊಬ್ಬರು ತುಸು ಹೆಚ್ಚುಕಮ್ಮಿ ಕಾಯಲಿ, ಆಗ ಎಲ್ಲರೂ ಒಟ್ಟಿಗೆ ನುಗ್ಗುವುದಿಲ್ಲ. ಕಲ್ಯಾಣ ಸ್ಲೋ ರದ್ದಾದ ದಿನ ಮುಂದಿನ ಗಾಡಿಗೆ ಮುಗಿಬೀಳದೆ ಒಂದು ವಡಾಪಾವ್ ತಿಂದು ಅದರ ಮುಂದಿನದನ್ನು ಹಿಡಿಯುವ ಯಾವ ಪ್ರಯಾಣಿಕನಿಗೂ ಈ ಸಿದ್ಧಾಂತ ಗೊತ್ತಿದೆ. ನಮ್ಮ ಸಂದರ್ಶನಗಳಲ್ಲಿ ಬೈನರಿ ಟ್ರೀಯನ್ನು ತಲೆಕೆಳಗು ಮಾಡಿಸುತ್ತೇವೆಯೇ ಹೊರತು, ಗಾಡಿ ರದ್ದಾದರೆ ಏನು ಮಾಡುತ್ತೀಯಪ್ಪಾ ಎಂದು ಕೇಳುವುದಿಲ್ಲ.

ಎಲ್ಲ ಹೊಸ ಯಂತ್ರವನ್ನೂ ಹಳಿಯುವ ಮುದುಕರ ಸಾಲಿಗೆ ನನ್ನನ್ನು ಸೇರಿಸಬೇಡಿ. ಠಾಣೆಯಲ್ಲಿ ನಾನು ಇಡ್ಲಿ ತಿನ್ನುವ ಹೋಟೆಲಿನ ಗಲ್ಲಾದ ಮೇಲೆ ಒಂದು ಪುಟ್ಟ ಸೌಂಡ್‌ಬಾಕ್ಸ್ ಇದೆ. ಹಣ ಬಂದರೆ ಇಷ್ಟು ಬಂತೆಂದು ಕೂಗಿ ಹೇಳುತ್ತದೆ. ಸ್ಕ್ರೀನಿಲ್ಲ, ಮೆನುವಿಲ್ಲ, ಬಣ್ಣವಿಲ್ಲ. ಗಿರಾಕಿ ತೋರಿಸುವ ಫೋನಿಗೆ ಕಣ್ಣು ಕಿರಿದು ಮಾಡಿ ನೋಡುವ ಕೆಲಸ ತಪ್ಪಿತು, ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಜಾರುವವರ ಆಟವೂ ನಿಂತಿತು. ಚೆನ್ನಾಗಿದೆಯಾ ಎಂದು ಹೋಟೆಲಿನ ಶೆಟ್ರನ್ನು ಕೇಳಿದೆ. ಒಂದು ಕೈಯಲ್ಲಿ ಬಿಲ್ಲು ಚುಚ್ಚುತ್ತ, ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತ, ಬಾಯಲ್ಲಿ "ನಾಲ್ಕನೇ ಟೇಬಲಿಗೆ ಸಾಂಬಾರ್" ಎಂದು ಕೂಗಿ ಅವರೆಂದರು: "ನನಗೆ ನೋಡ್ಲಿಕ್ಕೆ ಪುರುಸೊತ್ತಿಲ್ಲ. ಕಿವಿ ಖಾಲಿ ಉಂಟು. ಇದು ಕಿವಿಯನ್ನು ಮಾತ್ರ ಕೇಳ್ತದೆ." ವಿನ್ಯಾಸಶಾಸ್ತ್ರದ ಪಠ್ಯಪುಸ್ತಕಗಳು ನೂರು ಪುಟದಲ್ಲಿ ಹೇಳಲು ಹೆಣಗುವುದನ್ನು ಅವರು ಒಂದು ಪ್ಲೇಟು ಇಡ್ಲಿ ತಲುಪುವಷ್ಟರಲ್ಲಿ ಮುಗಿಸಿದರು. ಬಳಸುವವನ ಯಾವ ಅಂಗ ಖಾಲಿ ಇದೆ ಎಂದು ಮೊದಲು ನೋಡಿ, ಅಷ್ಟನ್ನೇ ಕೇಳಿ. ನಮ್ಮ ಆ್ಯಪ್‌ಗಳು ಎರಡು ಕಣ್ಣು, ಎರಡು ಕೈ, ಸ್ಥಳದ ಮಾಹಿತಿ, ಕಾಂಟ್ಯಾಕ್ಟ್ ಪಟ್ಟಿ ಎಲ್ಲವನ್ನೂ ಕೇಳಿ, ಕೊನೆಗೆ "ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಎಂದೂ ಕೇಳುತ್ತವೆ.

2016ರ ಸೆಪ್ಟೆಂಬರಿನಲ್ಲಿ ಕಲ್ಯಾಣ-ಡೊಂಬಿವಲಿಯೂ ಠಾಣೆಯೂ ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದವು. 2025ರ ಮಾರ್ಚ್ 31ಕ್ಕೆ ಆ ಯೋಜನೆಯೇ ಮುಗಿಯಿತು. ಊರು ಜಾಣವಾಯಿತೋ ಇಲ್ಲವೋ, ಜನ ಜಾಣರಾದರು. ಫೋನಿನಲ್ಲಿ ಮೂರು ಟಿಕೆಟ್ ಆ್ಯಪ್, ಕಿಸೆಯಲ್ಲಿ ಕಾಗದದ ಪಾಸ್.

ಇಷ್ಟೆಲ್ಲ ಗೊಣಗಿದ ಮೇಲೆ ಪರಿಹಾರ ಸೂಚಿಸಬೇಕಾದದ್ದು ಧರ್ಮ. ಆದ್ದರಿಂದ ನಮ್ಮ ಕಂಪನಿಗೆ ಒಂದು ಪ್ರಸ್ತಾವ ಕಳಿಸಿದೆ. ಯಾವುದೇ ಆ್ಯಪ್ ಬಿಡುಗಡೆಯಾಗುವ ಮುನ್ನ ಅದನ್ನು ಬರೆದವರು, ಬರೆಸಿದವರು, ಅದಕ್ಕೆ ಹಣ ಹಾಕಿದವರು ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಡೊಂಬಿವಲಿಯಿಂದ ಠಾಣೆಯವರೆಗೆ ನಿಂತು, ಒಂದೇ ಹೆಬ್ಬೆರಳಿನಿಂದ ಅದನ್ನು ಬಳಸಿ ತೋರಿಸಬೇಕು. ನೆಟ್ ಹೋದಾಗ ಏನಾಗುತ್ತದೆ ಎಂಬುದನ್ನು ಮೊದಲು ಬರೆಯಬೇಕು, ನೆಟ್ ಇದ್ದಾಗಿನದ್ದನ್ನು ಆಮೇಲೆ. "ನಂತರ ನೆನಪಿಸು" ಎಂಬ ಬಟನಿನ ಪಕ್ಕದಲ್ಲಿ "ಎಂದೂ ಬೇಡ" ಎಂಬ ಬಟನ್ ಇರಬೇಕು, ಅದೂ ಅಷ್ಟೇ ದಪ್ಪ ಅಕ್ಷರದಲ್ಲಿ. ಎಐ ಬರೆದ ಕೋಡಿನ ಕೆಳಗೆ, ಅದನ್ನು ಓದಿದ ಒಬ್ಬ ಮನುಷ್ಯನ ಹೆಸರಿರಬೇಕು. ಗೇಟಿನಲ್ಲಿ ನಿಂತ ಚಿಕ್ಕಪ್ಪನಿಗೆ ಯಾರನ್ನು ಬೈಯಬೇಕೆಂದಾದರೂ ತಿಳಿಯಲಿ.

ಪ್ರಸ್ತಾವ ಒಪ್ಪಿಗೆಯಾಗಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ಆಡಳಿತ ಮಂಡಳಿ ಬಹಳ ಮೆಚ್ಚಿಕೊಂಡಿದೆ. ಸುರಕ್ಷತೆಯ ದೃಷ್ಟಿಯಿಂದ ನಿಜವಾದ ಲೋಕಲಿಗೆ ಯಾರನ್ನೂ ಕಳಿಸುವುದಿಲ್ಲ. ಅದರ ಬದಲು ಡೊಂಬಿವಲಿಯ ನೂಕುನುಗ್ಗಲನ್ನು ಅನುಕರಿಸುವ ಒಂದು ಎಐ ಕಟ್ಟಲಾಗುತ್ತಿದೆ. ಆ ಕೆಲಸ ಬೆಂಗಳೂರಿನ ತಂಡಕ್ಕೆ ಹೋಗಿದೆ. ಅವರಿಗೆ ಹೊಸ ಕುರ್ಚಿಗಳು ಮಂಜೂರಾಗಿವೆ.